ಅಪ್ಪಾ, ಬೀಡಿ ಕಡಿಮೆ ಮಾಡಿದರೆ ಸಾಲದು

ಮೆಲ್ಬರ್ನ್
ಭಾನುವಾರ

ತೀರ್ಥರೂಪ ಅಪ್ಪನಿಗೆ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ ಅಂತ ಬರೆಯೋಣವೆಂದರೆ, ಅಮ್ಮನ ಪತ್ರ ಓದಿದ ಮೇಲೆ ಕೈ ಓಡುತ್ತಿಲ್ಲ.

ಅವಳ ಮೇಲೆ ಸಿಟ್ಟಾಗಬೇಡಿ. ಕಂಡಿದ್ದನ್ನಷ್ಟೇ ಬರೆದಿದ್ದಾಳೆ. ಗಣಪತಿ ಕೆರೆ ತನಕ ಹೋಗಿ ಬರುವಷ್ಟರಲ್ಲಿ ಎರಡು ಕಡೆ ನಿಂತು ಏದುಸಿರು ಬಿಡುತ್ತೀರಂತೆ. ಬೆಳಗಿನ ಜಾವದ ಕೆಮ್ಮಿಗೆ ಪುಟ್ಟಿ ಎದ್ದು ಕೂರುತ್ತಾಳಂತೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದ ಕೂಡಲೇ ಮತ್ತೆ ಬೀಡಿ ಹಚ್ಚಿದಿರಂತೆ. ಅಪ್ಪಾ, ಉಸಿರಿನ ಕೊಳವೆ ಕಿರಿದಾಗುವುದು ಶುರುವಿನಲ್ಲಿ ಎಕ್ಸ್‌ರೇಗೆ ಸಿಗುವುದೇ ಇಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ, ಸ್ಪೈರೋಮೆಟ್ರಿ ಅಂತ. ಒಂದು ಕೊಳವೆಗೆ ಜೋರಾಗಿ ಊದಿಸಿ ನೋಡುತ್ತಾರೆ, ಅಷ್ಟೇ. ನೋವಿಲ್ಲ, ಸೂಜಿ ಇಲ್ಲ. ರಘುನ ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿ ಈ ವಾರವೇ ಮಾಡಿಸಿ. ಕಫದಲ್ಲಿ ರಕ್ತ ಕಂಡರೆ ಮಾತ್ರ ವಾರ ಕಾಯಬೇಡಿ, ಅವತ್ತೇ ಹೋಗಿ.

ನೀವು ಏನು ಹೇಳುತ್ತೀರಿ ಅಂತ ಗೊತ್ತು. ‘ದಿನಕ್ಕೊಂದು ಕಟ್ಟು ಸೇದುತ್ತಿದ್ದವನು ಮೂರು ನಾಲ್ಕಕ್ಕೆ ಇಳಿಸಿದ್ದೇನೆ, ಇನ್ನೇನು ಬೇಕು?’ ರಾತ್ರಿ ಬಸ್ಸು ಓಡಿಸುವಾಗ ನಿದ್ದೆ ತಡೆಯಲು ಹಿಡಿದ ಚಟ. ಅದನ್ನು ಇಷ್ಟಕ್ಕೆ ತಂದಿದ್ದೇ ದೊಡ್ಡದು, ಖಂಡಿತ. ಆದರೆ ಹೃದಯ ಈ ಲೆಕ್ಕ ಕೇಳುವುದಿಲ್ಲ. ದಿನಕ್ಕೆ 20 ಸಿಗರೇಟು ಸೇದುವ ಗಂಡಸಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಏರುತ್ತದೋ, ಒಂದೇ ಒಂದು ಸೇದುವವನಿಗೂ ಅದರ ಹತ್ತಿರ ಹತ್ತಿರ ಅರ್ಧದಷ್ಟು ಏರುತ್ತದೆ. ಸಾಲದ್ದಕ್ಕೆ ಕಡಿಮೆ ಮಾಡಿದವರು ತಮಗೇ ಗೊತ್ತಿಲ್ಲದೆ ಒಂದೊಂದನ್ನೂ ಬುಡದ ತನಕ ಎಳೆಯುತ್ತಾರೆ.

ಬೀಡಿ ಎಲೆಯದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅನ್ನುವ ಮಾತನ್ನೂ ಬಿಡಿ. ಆ ಎಲೆ ಕಾಗದದ ಹಾಗೆ ತಾನಾಗಿ ಉರಿಯುವುದಿಲ್ಲ. ಎರಡು ಮಾತಾಡುವಷ್ಟರಲ್ಲಿ ಆರಿಹೋಗುತ್ತದೆ, ನೀವೇ ಎಷ್ಟು ಸಲ ಕಡ್ಡಿ ಗೀರುತ್ತೀರಿ! ಆರದಿರಲಿ ಅಂತ ಮತ್ತೆ ಮತ್ತೆ ದಮ್ಮು ಎಳೆಯಬೇಕು. ಟಾರು, ಕಾರ್ಬನ್ ಮಾನಾಕ್ಸೈಡ್ ಎರಡೂ ಸಿಗರೇಟಿಗಿಂತ ಜಾಸ್ತಿಯೇ ಒಳಗೆ ಹೋಗುತ್ತವೆ.

ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ನಿಮ್ಮ ವಯಸ್ಸಿನವರೇ ಎಷ್ಟೋ ಜನ. ಮಂಚದ ಅಂಚಿಗೆ ಕೂತು, ಎರಡೂ ಕೈ ಮಂಡಿಗೆ ಊರಿ, ತುಟಿ ಚೂಪು ಮಾಡಿ ಉಸಿರು ಬಿಡುತ್ತಿರುತ್ತಾರೆ. ‘ನೀರು ಕೊಡು’ ಅನ್ನುವ ಮಾತಿಗೆ ನಡುವೆ ಒಮ್ಮೆ ನಿಲ್ಲಬೇಕು. ಹಸಿವಿದ್ದರೂ ತಟ್ಟೆಯಲ್ಲಿ ಅರ್ಧ ಬಿಡುತ್ತಾರೆ, ಅಗಿಯುತ್ತಾ ಉಸಿರಾಡಲು ಆಗುವುದಿಲ್ಲ. ಹಾಳಾದ ಶ್ವಾಸಕೋಶ ಹೊಸದಾಗಿ ಬೆಳೆಯುವುದಿಲ್ಲ ಅಪ್ಪಾ. ಸೇದುವುದು ನಿಲ್ಲಿಸಿದರೆ ಹಾಳಾಗುವ ವೇಗ ತಗ್ಗುತ್ತದೆ. ಅದಕ್ಕೇ ನಾನು ಇಷ್ಟು ಹಟ ಹಿಡಿದಿರುವುದು.

ಈ ವಯಸ್ಸಿನಲ್ಲಿ ಬಿಟ್ಟು ಏನು ಪ್ರಯೋಜನ ಅನ್ನಬೇಡಿ. ಬ್ರಿಟನ್ನಿನಲ್ಲಿ ಸಾವಿರಾರು ಡಾಕ್ಟರುಗಳನ್ನೇ 1951ರಿಂದ 50 ವರ್ಷ ಗಮನಿಸಿದರು. ಸೇದುತ್ತಲೇ ಇದ್ದವರು ಸರಾಸರಿ 10 ವರ್ಷ ಬೇಗ ತೀರಿಕೊಂಡರು. 60ಕ್ಕೆ ಬಿಟ್ಟವರಿಗೂ ಸುಮಾರು 3 ವರ್ಷ ಆಯಸ್ಸು ಹೆಚ್ಚು ಸಿಕ್ಕಿತು. ಹೃದಯಕ್ಕಂತೂ ಬೇಗ ಗುಣ ಕಾಣುತ್ತದೆ, ಸೇದುವುದರಿಂದ ಏರಿದ ಅಪಾಯ ಒಂದು ವರ್ಷದಲ್ಲಿ ಅರ್ಧಕ್ಕೆ ಇಳಿಯುತ್ತದೆ.

ಇಲ್ಲಿಯ ಸಿಗರೇಟು ಪ್ಯಾಕ್ ನೋಡಿದರೆ ನಿಮಗೆ ನಗು ಬರುತ್ತದೆ. 2012ರ ಡಿಸೆಂಬರಿನಿಂದ ಎಲ್ಲ ಕಂಪನಿಯದಕ್ಕೂ ಒಂದೇ ಮಂಕು ಬಣ್ಣ, ಮೇಲೆ ಕೊಳೆತ ಕಾಲಿನದೋ ಬಾಯಿಯದೋ ಚಿತ್ರ. ಜಗತ್ತಿನಲ್ಲಿ ಮೊದಲು ಹೀಗೆ ಮಾಡಿದ್ದು ಈ ದೇಶವೇ. 2025ರಿಂದ ಒಂದೊಂದು ಸಿಗರೇಟಿನ ಮೇಲೂ ಎಚ್ಚರಿಕೆ ಅಚ್ಚಾಗಿರುತ್ತದೆ. ಬೆಲೆಯೋ, 20ರ ಪ್ಯಾಕಿಗೆ 40 ಡಾಲರಿನ ಆಸುಪಾಸು, ನಮ್ಮ ಎರಡು ಸಾವಿರ ರೂಪಾಯಿ ದಾಟಿತು! ಕಳ್ಳ ಸಿಗರೇಟು ಮಾರುವವರು ಇಲ್ಲೂ ಇದ್ದಾರೆ, ಆದರೂ ಸರ್ಕಾರ ಬೆನ್ನು ಬಿಟ್ಟಿಲ್ಲ. ನಮ್ಮಲ್ಲೂ ಪೊಟ್ಟಣದ ಮೇಲೆ ಚಿತ್ರ ಇದೆ. ಬಿಡಿಯಾಗಿ ಎರಡು ಕೊಂಡು ಕಿವಿಗೆ ಸಿಕ್ಕಿಸಿಕೊಂಡರೆ ಅದನ್ನು ನೋಡುವವರು ಯಾರು?

ಈಗ ಬಿಡುವ ವಿಷಯ. ಸುಮ್ನೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ನಿಕೋಟಿನ್ ಮೆದುಳನ್ನೇ ಹಿಡಿದುಕೊಂಡಿರುತ್ತದೆ, ಔಷಧಿಯ ಸಹಾಯ ತೆಗೆದುಕೊಳ್ಳುವುದು ನಾಚಿಕೆಯ ವಿಷಯವೇ ಅಲ್ಲ. ತಂಬಾಕು ಬಿಡುವವರ ಸಹಾಯವಾಣಿ ಇದೆ, 1800-11-2356ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ನಮ್ಮ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ. ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ನಿಮಗೆ ಬಿಪಿ ಇರುವುದರಿಂದ ಡಾಕ್ಟರನ್ನು ಒಂದು ಮಾತು ಕೇಳಿ ತೆಗೆದುಕೊಳ್ಳಿ. ಅದನ್ನು ಕವಳದ ಹಾಗೆ ಜಗಿಯಬಾರದು. ನಿಧಾನ ಅಗಿದು, ಚುರುಚುರು ಅಂದ ಕೂಡಲೇ ಕೆನ್ನೆ ಒಳಗೆ ಒತ್ತಿಟ್ಟು, ಆಮೇಲೆ ಮತ್ತೆ ಅಗಿಯಬೇಕು. ಕಾಫಿ ಕುಡಿದು ಕಾಲು ಗಂಟೆಯಾದರೂ ಆಗಿರಬೇಕು, ಇಲ್ಲದಿದ್ದರೆ ಔಷಧಿ ಸರಿಯಾಗಿ ಹಿಡಿಯುವುದಿಲ್ಲ. ಬೀಡಿ ಬಿಟ್ಟು ಕವಳಕ್ಕೆ ಹೊಗೆಸೊಪ್ಪು ಮಾತ್ರ ಹಾಕಬೇಡಿ, ಅದು ಬಾಯಿ ಕ್ಯಾನ್ಸರಿಗೆ ನೇರ ದಾರಿ.

ಮೊದಲ ವಾರ ಕಷ್ಟ. ಸಿಟ್ಟು ಬರುತ್ತದೆ, ನಿದ್ದೆ ಹಾರುತ್ತದೆ. ಬೀಡಿ ಇಲ್ಲದೆ ಬೆಳಿಗ್ಗೆ ಹೊಟ್ಟೆ ಸಾಫ್ ಆಗುವುದಿಲ್ಲ ಅನ್ನುತ್ತೀರಲ್ಲ, ಅದೂ ಕೆಲವು ದಿನ ನಿಜವೇ. ಬಿಸಿನೀರು ಕುಡಿಯಿರಿ, ಸೊಪ್ಪು, ಬಾಳೆಹಣ್ಣು ಜಾಸ್ತಿ ತಿನ್ನಿ, ಸರಿಹೋಗುತ್ತದೆ. ಸೇದಬೇಕೆಂಬ ತಹತಹ ಒಂದೊಂದು ಸಲಕ್ಕೆ ಕೆಲವೇ ನಿಮಿಷ ಇರುತ್ತದೆ. ಆಗ ತೋಟಕ್ಕೆ ಹೋಗಿ, ಇಲ್ಲವೇ ನನಗೆ ಫೋನ್ ಹಚ್ಚಿ. ಇಲ್ಲಿ ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ. ಅಮ್ಮಾ, ಆ ದಿನಗಳಲ್ಲಿ ಅಪ್ಪ ರೇಗಿದರೆ ನೀನು ಸುಮ್ಮನಿದ್ದುಬಿಡು, ಆಯ್ತಾ?

ನಮ್ಮ ಚಿಂತೆ ಬೇಡವೇ ಬೇಡ. ಇವರ ಕೆಲಸ ಚೆನ್ನಾಗಿದೆ, ಮನೆ ಬೆಚ್ಚಗಿದೆ, ಅನ್ನ ಸಾರು ದಿನಾ ಮಾಡುತ್ತೇನೆ, ಸೋನಾ ಮಸೂರಿ ಇಲ್ಲೂ ಸಿಗುತ್ತದೆ. ನೈಟ್ ಡ್ಯೂಟಿ ಅಂತ ಅಮ್ಮ ಕೊರಗುವುದು ಬೇಡ, ವಾರ್ಡಿನಲ್ಲಿ ಎಲ್ಲರೂ ಒಳ್ಳೆಯವರು. ನಿಮ್ಮದೂ ಕೈ ಮೀರಿಲ್ಲ, ಗಾಬರಿಯಾಗಬೇಡಿ. ಪರೀಕ್ಷೆ ಮಾಡಿಸಿ, ಅಷ್ಟು ಸಾಕು. ಖರ್ಚಿಗೆ ರಘುನ ಅಕೌಂಟಿಗೆ ಹಾಕಿದ್ದೇನೆ.

ಟ್ರಾಮ್ ಹೊತ್ತಾಯಿತು. ಪರೀಕ್ಷೆಯ ಚೀಟಿಯನ್ನು ರಘು ವಾಟ್ಸಾಪಿನಲ್ಲಿ ಕಳಿಸಲಿ. ಅಜ್ಜಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ಶನಿವಾರ ಫೋನ್ ಮಾಡುತ್ತೇನೆ.

ನಿಮ್ಮ ಮಗಳು
ಸುಮಾ