ಎಲ್‌ಒಪಿ ಅಂದ್ರೆ ಏನು ಸಾರ್?

ಸಂಪಾದಕರೇ,

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ 19 ವರ್ಷದಿಂದ ಟೈಮ್ ಆಫೀಸ್, ಅಂದರೆ ಹಾಜರಿ, ಸಂಬಳದ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. 160 ಜನರ ಮಷಿನ್ ಶಾಪ್, ಮೂರು ಶಿಫ್ಟ್. ಕಂಪನಿ ಹೆಸರು ಬರೆಯುವುದಿಲ್ಲ, ನಾಳೆಯೂ ಅದೇ ಗೇಟಿನಲ್ಲಿ ಒಳಗೆ ಹೋಗಬೇಕಲ್ವಾ.

ಎರಡು ವರ್ಷದ ಹಿಂದೆ ನಮ್ಮಲ್ಲಿ ಹಾಜರಿ ಬರೆಯುವ ಮಸ್ಟರ್ ಪುಸ್ತಕ, ಎಕ್ಸೆಲ್ ಶೀಟು ಎರಡೂ ಹೋದವು. ಕ್ಲೌಡ್ ಎಚ್‌ಆರ್ ಸಾಫ್ಟ್‌ವೇರ್ ಬಂತು. ಈಗ ಹಾಜರಿ, ರಜೆ ಅರ್ಜಿ, ಪೇ ಸ್ಲಿಪ್ ಎಲ್ಲಾ ಮೊಬೈಲಿನಲ್ಲೇ. ಸರ್ವರ್ ಎಲ್ಲೋ ಇದೆ, ಮಾಲೀಕರು ತಲೆಗೆ ಇಷ್ಟು ಅಂತ ತಿಂಗಳ ಬಾಡಿಗೆ ಕಟ್ಟುತ್ತಾರೆ. ಮೊದಲು ಇದೆಲ್ಲ ದೊಡ್ಡ ಐಟಿ ಕಂಪನಿಗಳ ಮಾತಾಗಿತ್ತು, ಈಗ ನಮ್ಮಂಥ ಶೆಡ್ಡುಗಳಿಗೂ ಬಂದಿದೆ. ಇದನ್ನು ಮಾಡುವವರೂ ದೂರದವರಲ್ಲ. ಗ್ರೇಟ್‌ಎಚ್‌ಆರ್ ನಮ್ಮ ಬೆಂಗಳೂರಿನದ್ದೇ, ಕೇಕಾ ಮತ್ತು ಡಾರ್ವಿನ್‌ಬಾಕ್ಸ್ ಹೈದರಾಬಾದಿನವು, ಜೋಹೋ ಚೆನ್ನೈಯದು. ನಮ್ಮಲ್ಲಿರುವುದು ಇವ್ಯಾವುದೂ ಅಲ್ಲ, ಬೇರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಾನು ಇದಕ್ಕೆ ವಿರೋಧಿ ಅಲ್ಲ. ಸಂಬಳದ ಲೆಕ್ಕ ಮಾಡಿದವನಿಗೆ ಗೊತ್ತು ಆ ತಲೆನೋವು. ಪಿಎಫ್ 12 ಪರ್ಸೆಂಟ್, ಅದಕ್ಕೆ 15,000 ಸಂಬಳದ ಮಿತಿ. ಇಎಸ್‌ಐ, ಅಂದರೆ ಕಾರ್ಮಿಕರ ಆಸ್ಪತ್ರೆ ಖರ್ಚಿನ ವಿಮೆ, ಮುಕ್ಕಾಲು ಪರ್ಸೆಂಟ್, ಅದಕ್ಕೆ 21,000 ಸಂಬಳದ ಮಿತಿ, ಪೈಸೆ ಬಂದರೆ ಮುಂದಿನ ರೂಪಾಯಿಗೆ ಏರಿಸಬೇಕು. 15ನೇ ತಾರೀಖಿನೊಳಗೆ ಎರಡನ್ನೂ ಕಟ್ಟಬೇಕು. ನಮ್ಮ ರಾಜ್ಯದ ವೃತ್ತಿ ತೆರಿಗೆ ತಿಂಗಳಿಗೆ 200 ಇತ್ತು, 2025ರಲ್ಲಿ ಫೆಬ್ರವರಿಗೆ ಮಾತ್ರ 300 ಅಂತ ಮಾಡಿದರು. ಇಂಥದ್ದನ್ನು ಎಕ್ಸೆಲ್‌ನಲ್ಲಿ ಮರೆತರೆ ಮುಗೀತು. ಸಾಫ್ಟ್‌ವೇರ್‌ನವರು ಒಂದು ಕಡೆ ತಿದ್ದಿದರೆ ಎಲ್ಲ ಕಂಪನಿಗೂ ಸರಿಹೋಗುತ್ತದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವಲ್ಲ, ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡೇ ಕೆಲಸದ ದಿನದಲ್ಲಿ ಕೊಡಬೇಕು ಅಂತ ಅದರಲ್ಲಿದೆ. ಹಳೇ ಪುಸ್ತಕ ಇಟ್ಟುಕೊಂಡು ಅದು ಆಗುವ ಕೆಲಸವೇ ಅಲ್ಲ. ಬ್ಯಾಂಕ್ ಲೋನಿಗೆ ಪೇ ಸ್ಲಿಪ್ ಬೇಕು ಅಂತ ನನ್ನ ಮೇಜಿನ ಮುಂದೆ ಸೀಲಿಗಾಗಿ ಕಾಯುವವರೂ ಈಗಿಲ್ಲ.

ಆದರೆ ಕಳೆದ ದೀಪಾವಳಿ ಆದಮೇಲೆ ಒಂದು ದಿನ ನಮ್ಮ ಹಿರಿಯ ಆಪರೇಟರ್ ಒಬ್ಬರು, ಶಿರಾ ಕಡೆಯವರು, ಊಟದ ಹೊತ್ತಿನಲ್ಲಿ ಬಂದು ಮೊಬೈಲ್ ಚಾಚಿದರು. "ಸಾರ್, ಈ ಎಲ್‌ಒಪಿ ದುಡ್ಡು ಕೆಲಸ ಬಿಟ್ಟ ಮೇಲೇ ಕೊಡೋದಾ, ಇಲ್ಲ ಮಗಳ ಮದುವೆಗೆ ಮುಂಚೆ ತೆಗೀಬಹುದಾ? ಪಿಎಫ್ ಥರ?"

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಎಲ್‌ಒಪಿ ಅಂದರೆ ಲಾಸ್ ಆಫ್ ಪೇ, ಬಾರದ ದಿನಕ್ಕೆ ಸಂಬಳ ಕಟ್. ಕಡಿತದ ಸಾಲಿನಲ್ಲಿ ಪಿಎಫ್, ಇಎಸ್‌ಐ ಅಂತ ಮೂರು ಅಕ್ಷರ ಎರಡಕ್ಷರದ ಹೆಸರುಗಳ ಕೆಳಗೆ ಅದೂ ಕೂತಿತ್ತು, ಅವರು ಅದನ್ನೂ ಒಂದು ಉಳಿತಾಯ ಅಂದುಕೊಂಡಿದ್ದರು. ನಾಲ್ಕು ತಿಂಗಳಿಂದ, ತಿಂಗಳಿಗೆ ಎರಡು ದಿನ. ದಿನಕ್ಕೆ 750ರಂತೆ 6,000 ರೂಪಾಯಿ. ಅವರು ಒಂದು ದಿನವೂ ಚಕ್ಕರ್ ಹೊಡೆದವರಲ್ಲ.

ಆಗಿದ್ದಿಷ್ಟೇ. ನೈಟ್ ಶಿಫ್ಟ್ ರಾತ್ರಿ 10ರಿಂದ ಬೆಳಗ್ಗೆ 6. ಶನಿವಾರ ರಾತ್ರಿ ಒಳಗೆ ಬಂದವರು ಹೊರಗೆ ಹೋಗುವುದು ಭಾನುವಾರ. ಭಾನುವಾರ ವಾರದ ರಜೆ, ಸೋಮವಾರದಿಂದ ಅವರ ಶಿಫ್ಟ್ ಬದಲು. ಸಾಫ್ಟ್‌ವೇರ್‌ನಲ್ಲಿ ಶಿಫ್ಟ್ ಹಾಕುವಾಗ ಯಾರೋ ಏನೋ ಬಿಟ್ಟಿದ್ದಾರೆ, ಹಾಗಾಗಿ ಶನಿವಾರದ ಲೆಕ್ಕದಲ್ಲಿ ಒಂದೇ ಪಂಚ್ (ಒಳಗೆ ಬಂದಾಗ, ಹೊರಗೆ ಹೋದಾಗ ಹಾಕುವ ಹಾಜರಿ ಗುರುತು) ಉಳಿಯಿತು, ಇನ್ನೊಂದು ಪಂಚ್ ರಜೆಯ ದಿನಕ್ಕೆ ಹೋಗಿ ಬಿತ್ತು. ಒಂದೇ ಪಂಚ್ ಇದ್ದರೆ ಗೈರು. ಮಸ್ಟರ್ ಪುಸ್ತಕ ಇದ್ದಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಿತ್ತು, ಏಕೆಂದರೆ ಶನಿವಾರ ರಾತ್ರಿ ಯಾರು ಮಷಿನ್ ಮುಂದೆ ನಿಂತಿದ್ದರು ಅಂತ ನನಗೆ ಗೊತ್ತಿರುತ್ತಿತ್ತು. ಈಗ ಹಾಜರಿಯ ಪಟ್ಟಿ ನನಗೆ ಬರುವುದೇ ಇಲ್ಲ, ಸೂಪರ್‌ವೈಸರ್ ಮೊಬೈಲಿಗೆ ಹೋಗುತ್ತದೆ, ಅವನು ಚಹಾ ಕುಡೀತಾ "ಅಪ್ರೂವ್ ಆಲ್" ಒತ್ತುತ್ತಾನೆ. ಅವನನ್ನು ಬೈದು ಏನು ಬಂತು, ನಾನೂ ನಾಲ್ಕು ತಿಂಗಳು ಹೋಗಿ ನೋಡಲಿಲ್ಲ. ಟೈಮ್ ಆಫೀಸಿನಲ್ಲಿ ಮೂರು ಜನ ಇದ್ದೆವು, ಈಗ ನಾನೊಬ್ಬನೇ.

ಸರಿಮಾಡಿಸುವುದು ಅದಕ್ಕಿಂತ ದೊಡ್ಡ ಕಥೆ. ಸಾಫ್ಟ್‌ವೇರ್‌ನವರ ಫೋನ್ ನಂಬರ್ ಇಲ್ಲ, "ಟಿಕೆಟ್" ಹಾಕಬೇಕು, ಅಂದರೆ ಆನ್‌ಲೈನ್ ದೂರು. ಹಾಕಿದೆ. ಒಂಬತ್ತು ದಿನಕ್ಕೆ ಇಂಗ್ಲಿಷಿನಲ್ಲಿ ಉದ್ದ ಮೇಲ್ ಬಂತು, ಕೆಳಗೆ "ರಿಸಾಲ್ವ್ಡ್", ಅಂದರೆ ಸರಿಹೋಯಿತು ಅಂತ. ಏನೂ ಸರಿಯಾಗಿರಲಿಲ್ಲ. ಮತ್ತೆ ಹಾಕಿದೆ. ಕೊನೆಗೆ ಮಾಲೀಕರ ಹತ್ತಿರ ಹೋಗಿ ಪೆನ್ನು ಕಾಗದದಲ್ಲಿ ತೋರಿಸಿದ ಮೇಲೆ ಮುಂದಿನ ತಿಂಗಳು ಹಣ ಬಂತು. ಅವರು ಒಳ್ಳೆಯವರು, ಅದು ಬೇರೆ ಮಾತು. ಎಲ್ಲ ಕಡೆ ಹಾಗಿರುತ್ತಾರಾ?

ನನ್ನ ಬೇಡಿಕೆ ದೊಡ್ಡದೇನಲ್ಲ. ಪೇ ಸ್ಲಿಪ್ ಕನ್ನಡದಲ್ಲಿ ಬರಲಿ. ನಮ್ಮ ಆಪ್‌ನಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ, ಕನ್ನಡ ಇಲ್ಲ. ಬೆಸ್ಕಾಂ ಬಿಲ್ಲು ಕನ್ನಡದಲ್ಲಿ ಬರುತ್ತದೆ, ಫೋನ್‌ಪೇ ಕನ್ನಡದಲ್ಲಿ ನಡೆಯುತ್ತದೆ, ಬೆವರು ಸುರಿಸಿ ದುಡಿದ ಸಂಬಳದ ಲೆಕ್ಕ ಮಾತ್ರ ಯಾಕೆ ಬರಬಾರದು? 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು ನೋಡಿ, ಕಾಯ್ದೆ ಪ್ರಕಾರ ಗೋಡೆಗೆ ಹಾಕುವ ನೋಟಿಸು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಅಂತ. ಗೋಡೆ ಹೋಗಿ ಮೊಬೈಲ್ ಬಂದ ಕೂಡಲೇ ಆ ಮಾತನ್ನು ಎಲ್ಲರೂ ಮರೆತರು. ಈಗಿನ ವೇತನ ಸಂಹಿತೆಯೂ ಸಂಬಳದ ಚೀಟಿ ಕೊಡಲೇಬೇಕು ಅನ್ನುತ್ತದೆ. ಅದು ಯಾವ ಭಾಷೆಯಲ್ಲಿ ಇರಬೇಕು ಅಂತಲೂ ನಮ್ಮ ಕಾರ್ಮಿಕ ಇಲಾಖೆ ಒಂದು ಸಾಲು ಸೇರಿಸಲಿ. ಸಾಫ್ಟ್‌ವೇರ್‌ನವರಿಗೆ ಇದು ಎಷ್ಟು ದಿನದ ಕೆಲಸ, ಹೇಳಿ.

ಇನ್ನೊಂದು, ತಿಂಗಳಿಗೊಮ್ಮೆ ಹಾಜರಿಯ ಪ್ರತಿ ಕಾರ್ಖಾನೆಯಲ್ಲೇ ಪ್ರಿಂಟ್ ತೆಗೆದು ಇಡಬೇಕು. ನಗಬೇಡಿ. 2021ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಕ್ರೋನೋಸ್ ಅನ್ನುವ ಹಾಜರಿ ಸಾಫ್ಟ್‌ವೇರ್‌ನ ಕ್ಲೌಡ್ ಮೇಲೆ ರಾನ್ಸಮ್‌ವೇರ್ (ಕಂಪ್ಯೂಟರಿಗೆ ಬೀಗ ಹಾಕಿ ಹಣ ಕೇಳುವ) ದಾಳಿ ಆಗಿ, ದೊಡ್ಡ ದೊಡ್ಡ ಆಸ್ಪತ್ರೆಗಳು ವಾರಗಟ್ಟಲೆ ಕಾಗದದಲ್ಲಿ ಹಾಜರಿ ಬರೆದವು. ನಾನಂತೂ ಹಳೇ ಮಸ್ಟರ್ ಪುಸ್ತಕಗಳನ್ನು ಗುಜರಿಗೆ ಹಾಕಲು ಬಿಟ್ಟಿಲ್ಲ.

ಮುಖದ ಫೋಟೋ ತೆಗೆದು ಹಾಜರಿ ಹಾಕುವುದು, ಗ್ರೀಸ್ ಮೆತ್ತಿದ ಮುಖ ಅದಕ್ಕೆ ಗುರುತು ಸಿಗದೇ ಇರುವುದು, ಶೀಟ್ ಛಾವಣಿ ಕೆಳಗೆ ನಿಂತವರನ್ನು ಪಕ್ಕದ ರಸ್ತೆಯಲ್ಲಿದ್ದಾರೆ ಅಂತ ಜಿಪಿಎಸ್ ತೋರಿಸುವುದು, ಇವೆಲ್ಲ ಬರೆದರೆ ನಿಮ್ಮ ಪುಟ ಸಾಲುವುದಿಲ್ಲ. ಇನ್ನೊಮ್ಮೆ ಬರೆಯುತ್ತೇನೆ.

ಸದ್ಯಕ್ಕೆ ನನ್ನ ಕೈಲಾದದ್ದು ಮಾಡಿದ್ದೇನೆ. ಪೇ ಸ್ಲಿಪ್ಪಿನ ಒಂದೊಂದು ಪದಕ್ಕೂ ಕನ್ನಡದಲ್ಲಿ ಅರ್ಥ ಬರೆದು ಕ್ಯಾಂಟೀನ್ ಗೋಡೆಗೆ ಅಂಟಿಸಿದೆ. "ಎಲ್‌ಒಪಿ: ಬಂದಿಲ್ಲ ಅಂತ ಕಟ್ ಮಾಡಿದ ಸಂಬಳ. ಇದು ವಾಪಸ್ ಬರುವ ದುಡ್ಡಲ್ಲ. ತಪ್ಪಿದೆ ಅನ್ನಿಸಿದರೆ ಟೈಮ್ ಆಫೀಸಿಗೆ ಬನ್ನಿ." ಅಂಟಿಸಿದ ದಿನ ಸಂಜೆಯೊಳಗೆ ಏಳು ಜನ ಬಂದರು.

ಒಬ್ಬ ಟೈಮ್ ಆಫೀಸ್ ಗುಮಾಸ್ತ
ಪೀಣ್ಯ, ಬೆಂಗಳೂರು