ಶಟರ್ ಭಾರವಾದರೆ ಟೈಟ್ ಕೊಡಿಸಿ ಸುಮ್ಮನಾಗಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಆಯುಧಪೂಜೆ ಹತ್ತಿರ ಬಂದಾಗ ಕಾರು ತೊಳೆಯುತ್ತೇವೆ, ಶೆಡ್ಡಿನ ಶಟರ್‌ಗೂ ಕುಂಕುಮ ಹಚ್ಚಿ ಹೂವಿನ ಹಾರ ಹಾಕುತ್ತೇವೆ. ಆ ಶಟರ್‌ನ ಭಾರ ಹೊರುವ ಸ್ಪ್ರಿಂಗ್ ಮಾತ್ರ ಮೇಲಿನ ತಗಡಿನ ಕವರಿನೊಳಗೆ ಯಾರ ಕಣ್ಣಿಗೂ ಬೀಳದೆ ತುಕ್ಕು ಹಿಡಿಯುತ್ತಿರುತ್ತದೆ. ಎತ್ತಲು ಭಾರವಾಯಿತು ಎಂದರೆ ಮೇಸ್ತ್ರಿಯನ್ನು ಕರೆಸಿ ‘ಸ್ವಲ್ಪ ಟೈಟ್ ಕೊಡಿ’, ಅಂದರೆ ಸ್ಪ್ರಿಂಗನ್ನು ಇನ್ನಷ್ಟು ಸುತ್ತು ತಿರುಚಿ ಬಿಗಿ ಮಾಡಿ, ಎನ್ನುವುದು ನಮ್ಮಲ್ಲಿ ರೂಢಿ. ಸೋತ ಸ್ಪ್ರಿಂಗಿಗೆ ಟೈಟ್ ಕೊಡುವುದು ದುರಸ್ತಿಯಲ್ಲ, ಅದು ಬೇಗ ಮುರಿಯುವಂತೆ ಮಾಡುವ ಕೆಲಸ. ಮನೆ ಮಾಲೀಕರು ಇದನ್ನು ತಿಳಿದಿರಲಿ ಎಂದು ಈ ಪತ್ರ.

ಕೈಯಿಂದ ಎತ್ತಿ ಇಳಿಸುವ ರೋಲಿಂಗ್ ಶಟರ್‌ನಲ್ಲಿ ನಡುವಿನ ಪೈಪು ತಿರುಗುವುದಿಲ್ಲ. ಎರಡೂ ಬದಿಯ ಬ್ರಾಕೆಟ್‌ಗಳಿಗೆ ಅದನ್ನು ಯು-ಕ್ಲಾಂಪಿನಿಂದ ಬಿಗಿದಿರುತ್ತಾರೆ. ಸ್ಪ್ರಿಂಗಿನ ಒಂದು ತುದಿ ಈ ಪೈಪಿಗೆ, ಇನ್ನೊಂದು ತುದಿ ಪಟ್ಟಿಗಳು ಸುತ್ತಿಕೊಳ್ಳುವ ಡ್ರಮ್ಮಿಗೆ ಸಿಕ್ಕಿಕೊಂಡಿರುತ್ತದೆ. ಶಟರ್ ಇಳಿದಂತೆ ಸ್ಪ್ರಿಂಗ್ ತಿರುಚಿಕೊಂಡು ಬಲ ತುಂಬಿಕೊಳ್ಳುತ್ತದೆ, ಎತ್ತುವಾಗ ಆ ಬಲವನ್ನು ಹಿಂದಿರುಗಿಸುತ್ತದೆ. ಅಂದರೆ ಶಟರ್ ಮುಚ್ಚಿರುವಾಗಲೇ ಸ್ಪ್ರಿಂಗ್ ಮೇಲೆ ಅತಿ ಹೆಚ್ಚು ಒತ್ತಡ. ರಾತ್ರಿಯಿಡೀ, ಊರಿಗೆ ಹೋದರೆ ವಾರಗಟ್ಟಲೆ, ಅದು ಅದೇ ಸ್ಥಿತಿಯಲ್ಲಿರುತ್ತದೆ. ನಡುರಾತ್ರಿ ಶೆಡ್ಡಿನಿಂದ ‘ಢಬ್’ ಎಂದು ಸದ್ದು ಬಂದು, ಬೆಳಿಗ್ಗೆ ಶಟರ್ ಏಳದಿದ್ದರೆ ಮುರಿದದ್ದು ಸ್ಪ್ರಿಂಗೇ ಇರಬಹುದು.

ಭಾರದ ಲೆಕ್ಕ ನೋಡಿ. 1.25 ಮಿ.ಮೀ. ತಗಡಿನ ಪಟ್ಟಿಗಳ ಶಟರ್ ಚದರ ಮೀಟರಿಗೆ ಸುಮಾರು 12 ಕಿಲೋ ತೂಗುತ್ತದೆ. 8 ಅಡಿ ಅಗಲ, 8 ಅಡಿ ಎತ್ತರದ ಶಟರ್ ಎಂದರೆ 70 ಕಿಲೋ ದಾಟಿತು. ಒಳಗೆ ನಾಲ್ಕು ಸ್ಪ್ರಿಂಗ್ ಇದ್ದು ಒಂದು ಮುರಿದರೆ ಹದಿನೇಳು ಹದಿನೆಂಟು ಕಿಲೋ ನೇರ ನಿಮ್ಮ ತೋಳಿಗೆ, ಸೊಂಟಕ್ಕೆ ಬರುತ್ತದೆ. ಜತೆಗೆ ಶಟರ್ ಒಂದು ಬದಿಗೆ ವಾಲುತ್ತದೆ, ಅದು ಜಾರುವ ಬದಿಯ ಗೈಡ್ ಚಾನಲ್‌ನಲ್ಲಿ ಉಜ್ಜುತ್ತದೆ, ಪಟ್ಟಿಯ ಅಂಚು ಬಾಗುತ್ತದೆ. ಆಮೇಲೆ ಪಟ್ಟಿಗೂ ಖರ್ಚು.

ಸವೆತ ಬೇಗ ಬರುವುದು ಮೂರು ದಾರಿಯಲ್ಲಿ. ಮೊದಲನೆಯದು ತುಕ್ಕು. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ನಾಲ್ಕು ತಿಂಗಳ ತೇವ ಸ್ಪ್ರಿಂಗ್ ತಂತಿಯನ್ನು ಕೊರೆಯುತ್ತವೆ. ಸ್ಪ್ರಿಂಗಿನ ಬಲ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. 5 ಮಿ.ಮೀ. ತಂತಿ ತುಕ್ಕಿನಿಂದ 4.75ಕ್ಕೆ ಇಳಿದರೆ ಬಲದಲ್ಲಿ ಐದನೇ ಒಂದು ಪಾಲಿನಷ್ಟು ಹೋಯಿತು. ಎರಡನೆಯದು, ಹಾಕುವಾಗಲೇ ತೆಳು ತಂತಿಯ ಸ್ಪ್ರಿಂಗ್ ಹಾಕುವುದು. 5ರ ಬದಲು 4.5 ಮಿ.ಮೀ. ಎಂದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು, ಬಲ ಮಾತ್ರ ಮೂರನೇ ಒಂದು ಪಾಲು ಕಡಿಮೆ. ಮೂರನೆಯದೇ ಈ ಟೈಟ್. ಶಟರ್ ಪೂರ್ತಿ ಇಳಿಯುವಾಗ ಸ್ಪ್ರಿಂಗ್ ಮೂರು ಸುತ್ತು ತಿರುಗುತ್ತದೆ, ಮೊದಲೇ ಕೊಟ್ಟದ್ದು ಒಂದು ಸುತ್ತು ಎನ್ನೋಣ, ಒಟ್ಟು ನಾಲ್ಕು. ಇನ್ನೊಂದು ಸುತ್ತು ಸೇರಿಸಿದರೆ ಐದು. ಅದೇ ಹಳೆಯ, ತುಕ್ಕು ತಿಂದ ತಂತಿಯ ಮೇಲೆ ಕಾಲು ಪಾಲು ಹೆಚ್ಚು ಒತ್ತಡ. ಕೆಲವು ದಿನ ಹಗುರವೆನಿಸುತ್ತದೆ, ನಂತರ ಸ್ಪ್ರಿಂಗಿನ ತುದಿಯ ಕೊಕ್ಕೆಯ ಬಾಗಿನಲ್ಲಿ ಮುರಿಯುತ್ತದೆ.

ಮುರಿದ ತುದಿಯನ್ನು ಬೆಸುಗೆ ಹಾಕಿಸಿಕೊಳ್ಳಲೇಬೇಡಿ. ಈ ತಂತಿಗೆ ಬಲ ಬಂದಿರುವುದು ತಣ್ಣಗೆ ಎಳೆದು ತಯಾರಿಸಿದ್ದರಿಂದ. ಬೆಸುಗೆಯ ಬಿಸಿ ತಾಗಿದಲ್ಲಿ ಆ ಗುಣ ಕೆಡುತ್ತದೆ. ಮುರಿದ ಸುರುಳಿಗಳನ್ನು ಕತ್ತರಿಸಿ, ಹೊಸ ಕೊಕ್ಕೆ ಬಗ್ಗಿಸಿ ಮತ್ತೆ ಸಿಕ್ಕಿಸುವವರೂ ಇದ್ದಾರೆ. ಸುರುಳಿ ಕಡಿಮೆಯಾದಷ್ಟೂ ಉಳಿದವುಗಳಿಗೆ ತಿರುಚು ಹೆಚ್ಚು. ಅದೂ ನಿಲ್ಲುವುದಿಲ್ಲ.

ಸ್ಪ್ರಿಂಗ್ ಸೋತಿದೆಯೇ ಎಂದು ತಿಳಿಯಲು ಶಟರ್ ಅನ್ನು ಸೊಂಟದೆತ್ತರಕ್ಕೆ ಎತ್ತಿ, ಕೈ ಹತ್ತಿರವೇ ಇಟ್ಟುಕೊಂಡು ಹಿಡಿತ ಸಡಿಲಿಸಿ. ಕಾಲು ಬದಿಗಿರಲಿ. ಅಲ್ಲೇ ನಿಂತರೆ ಅಥವಾ ಮೆಲ್ಲಗೆ ಸರಿದರೆ ಸರಿ. ದಬಕ್ಕನೆ ಇಳಿದರೆ ಸ್ಪ್ರಿಂಗ್ ಸೋತಿದೆ. ಬೀಗ ತೆಗೆದೊಡನೆ ತಾನೇ ಮೇಲೆ ಜಿಗಿದರೆ ಟೈಟ್ ಮಿತಿಮೀರಿದೆ. ಪರೀಕ್ಷೆಗೆ ಮುನ್ನ ಗೈಡ್ ಚಾನಲ್‌ನ ಮಣ್ಣು, ಕಣಜದ ಗೂಡು ತೆಗೆಯಿರಿ. ಭಾರವೆನಿಸುವುದಕ್ಕೆ ಕೆಲವೊಮ್ಮೆ ಕಾರಣ ಅಷ್ಟೇ. ಚಾನಲ್‌ಗೆ ಗ್ರೀಸ್ ಮೆತ್ತಬೇಡಿ, ಬಯಲುಸೀಮೆಯ ಧೂಳು ಅದಕ್ಕೆ ಅಂಟಿ ಅರದಂತಾಗುತ್ತದೆ. ಗ್ರೀಸ್ ಬೇಕಾದದ್ದು ಮೇಲೆ, ಸ್ಪ್ರಿಂಗ್ ಮತ್ತು ಬೇರಿಂಗಿಗೆ. ಸೀಮೆಎಣ್ಣೆ ಬೇಡ, ಇದ್ದ ಗ್ರೀಸನ್ನೂ ತೊಳೆದುಬಿಡುತ್ತದೆ.

ಬದಲಿಸುವುದಾದರೆ ಎಲ್ಲ ಸ್ಪ್ರಿಂಗ್‌ಗಳನ್ನೂ ಒಟ್ಟಿಗೆ ಬದಲಿಸಿ. ಒಂದೇ ಹೊಸದು ಹಾಕಿದರೆ ಹಳೆಯವು ಹೊರಲಾರದ ಪಾಲೂ ಅದರ ಮೇಲೆ ಬೀಳುತ್ತದೆ, ಹಳೆಯವು ಸರದಿಯಂತೆ ಮುರಿಯುತ್ತವೆ, ಪ್ರತಿಸಲವೂ ಕೂಲಿ ಬೇರೆ. ಅಂಗಡಿಯಲ್ಲಿ ಕೇಳಬೇಕಾದದ್ದು ತಂತಿಯ ದಪ್ಪ, ಸ್ಪ್ರಿಂಗಿನ ಒಳವ್ಯಾಸ, ಉದ್ದ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಇಂಥ ಶಟರ್‌ಗೆ 27.5 ಸೆಂ.ಮೀ. ಉದ್ದದ, ಭಾರತೀಯ ಮಾನದಂಡ ಐಎಸ್ 4454 ಭಾಗ 1ಕ್ಕೆ ಹೊಂದುವ ತಂತಿಯ ಸ್ಪ್ರಿಂಗ್ ಎಂದು ಬರೆದಿದೆ. ಮನೆಗೂ ಅದನ್ನೇ ಕೇಳಬಹುದು. ವರ್ನಿಯರ್‌ನಿಂದ ತಂತಿ ಅಳೆದು ತೋರಿಸಲು ಹೇಳಿ, ತುಕ್ಕಿಲ್ಲದ ಕಡೆ ಅಳೆದ ಹಳೆಯದಕ್ಕೆ ಹೋಲಿಸಿ.

ಬಿಚ್ಚುವ ಕೆಲಸ ಮನೆಯವರದ್ದಲ್ಲ, ಆದರೆ ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ನಿಂತು ನೋಡಬಹುದು. ಶಟರ್ ಪೂರ್ತಿ ಮೇಲಿದ್ದು, ಸುತ್ತಿಕೊಂಡ ಪಟ್ಟಿಗಳ ಸುರುಳಿಯನ್ನು ಹಗ್ಗದಿಂದ ಕಟ್ಟಿರಬೇಕು. ಪೈಪ್ ರೆಂಚಿನಿಂದ ಪೈಪನ್ನು ಬಿಗಿಯಾಗಿ ಹಿಡಿದ ನಂತರವೇ ಯು-ಕ್ಲಾಂಪ್ ಸಡಿಲಿಸಬೇಕು, ಟೈಟನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಶಟರ್ ಕೆಳಗಿರುವಾಗ ಕ್ಲಾಂಪ್ ಬಿಚ್ಚಿದರೆ ಪೈಪು ಗಿರ್ರನೆ ತಿರುಗಿ ರೆಂಚು ಮುಖಕ್ಕೆ ಬಡಿಯುತ್ತದೆ. ಏಣಿಯ ಮೇಲಿರುವವನಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಹೊಸ ಸ್ಪ್ರಿಂಗ್ ಕೂರಿಸುವಾಗ ಬದಿಯಲ್ಲಿ ಜಾಗ ಬಿಟ್ಟಿರಬೇಕು. ಪ್ರತಿ ಸುತ್ತಿಗೆ ಸ್ಪ್ರಿಂಗ್ ಒಂದು ತಂತಿಯ ದಪ್ಪದಷ್ಟು ಉದ್ದವಾಗುತ್ತದೆ, ಒಳವ್ಯಾಸ ಕಿರಿದಾಗುತ್ತದೆ. ಜಾಗವಿಲ್ಲದಿದ್ದರೆ ಸುರುಳಿಗಳು ಒಂದನ್ನೊಂದು ತಿನ್ನುತ್ತವೆ. ಪೈಪು ದಪ್ಪವಾದರೆ ಸ್ಪ್ರಿಂಗ್ ಅದನ್ನೇ ಕಚ್ಚಿ ಮುರಿಯುತ್ತದೆ. ಟೈಟ್ ಮೊದಲು ಒಂದು ಸುತ್ತು, ಶಟರ್ ಇಳಿಸಿ ನೋಡಿ ಆಮೇಲೆ ಅರ್ಧರ್ಧ ಸುತ್ತು.

ಭಾರವಾಯಿತೆಂದು ಮೋಟಾರ್ ಹಾಕಿಸುವವರು ಹೆಚ್ಚುತ್ತಿದ್ದಾರೆ. ಸ್ಪ್ರಿಂಗ್ ಉಳಿಸಿಕೊಂಡು ಪೈಪಿನ ನಡುವೆ ಕೂರಿಸುವ ಮೋಟಾರಿಗೆ ಸ್ಪ್ರಿಂಗಿನ ಸಮತೋಲ ಬೇಕೇ ಬೇಕು. ಇಲ್ಲದಿದ್ದರೆ ಬಿಸಿಯಾಗಿ ಅರ್ಧದಲ್ಲೇ ನಿಲ್ಲುತ್ತದೆ, ಕರೆಂಟ್ ಹೋದಾಗ ಕೈಯಲ್ಲಿ ಎತ್ತಲೂ ಆಗದು. ಮೊದಲು ಸ್ಪ್ರಿಂಗ್, ಆಮೇಲೆ ಮೋಟಾರ್.

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಗ್ಯಾರೇಜ್ ಬಾಗಿಲು ಬೇರೆ ಬಗೆಯದು, ತುಂಡು ತುಂಡಾಗಿ ಮಡಚಿಕೊಂಡು ಚಾವಣಿಯಡಿ ಸರಿಯುತ್ತದೆ. ಅದರ ಮೇಲಿನ ತಿರುಚು ಸ್ಪ್ರಿಂಗ್ ಸಾಮಾನ್ಯವಾಗಿ 10,000 ಸಲ ತೆರೆದು ಮುಚ್ಚುವಷ್ಟಕ್ಕೆ ತಯಾರಾದದ್ದು. ದಿನಕ್ಕೆ ನಾಲ್ಕು ಸಲವಾದರೆ ಏಳು ವರ್ಷಕ್ಕೆ ತುಸು ಕಡಿಮೆ. ಅಲ್ಲಿ ಕೂಲಿ ದುಬಾರಿಯೆಂದು ಸ್ಕ್ರೂಡ್ರೈವರಿನಿಂದ ಆ ಸ್ಪ್ರಿಂಗ್ ತಿರುಗಿಸಲು ಹೋಗಬಾರದು. ಅದಕ್ಕೆ ಅಳತೆಗೆ ತಕ್ಕ ಉಕ್ಕಿನ ಸರಳುಗಳೇ ಇವೆ.

ಸ್ಪ್ರಿಂಗ್ ಮುರಿದು ಕಾರು ಒಳಗೆ ಸಿಕ್ಕಿಕೊಂಡರೆ ಇಬ್ಬರು ಎರಡು ತುದಿಯಲ್ಲಿ ಸಮನಾಗಿ ಎತ್ತಿ, ಎರಡೂ ಬದಿಗೆ ಗಟ್ಟಿ ಮರದ ಆಸರೆ ಕೊಟ್ಟ ಮೇಲೆ ಕಾರು ಹೊರತೆಗೆಯಿರಿ. ಪಟ್ಟಿಗಳ ಸಂದಿಗೆ ಬೆರಳು ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಶಟರ್ ಕೆಲಸದವರಲ್ಲೂ ಒಂದು ವಿನಂತಿ. ಬಿಲ್ಲಿನಲ್ಲಿ ‘ಶಟರ್ ರಿಪೇರಿ’ ಎಂದಷ್ಟೇ ಬರೆಯದೆ ಸ್ಪ್ರಿಂಗ್ ಎಷ್ಟು, ತಂತಿ ಎಷ್ಟು ಮಿ.ಮೀ. ಎಂದು ನಮೂದಿಸಿ. ಅದರೊಂದಿಗೆ ತಾರೀಕು, ಕೊಟ್ಟ ಟೈಟಿನ ಸುತ್ತು, ಇಷ್ಟನ್ನು ಬ್ರಾಕೆಟ್ ಪಕ್ಕದ ಗೋಡೆಯ ಮೇಲೆ ಪೇಂಟಿನಲ್ಲಿ ಬರೆದಿಟ್ಟರೆ ಮುಂದೆ ಏಣಿ ಹತ್ತುವವರಿಗೆ ಒಳಗೆಷ್ಟು ಬಲ ತುಂಬಿದೆ ಎಂದು ಬಿಚ್ಚುವ ಮೊದಲೇ ತಿಳಿಯುತ್ತದೆ.

– ಶಟರ್ ಕೆಲಸ ಬಲ್ಲ ಓದುಗರು, ಕುಂದಾಪುರ