ಆ ಹುಣ್ಣುಗಳು ಹೆದರಿಸಲು ಬರೆದವಲ್ಲ

ಮಾನ್ಯ ಸಂಪಾದಕರೇ,

ಶುಭ ಶುಕ್ರವಾರದ ಹೊತ್ತಿಗೆ ನಿಮ್ಮ ಪುರವಣಿಯಲ್ಲಿ ಬಂದ ಯುರೋಪಿನ ಶಿಲುಬೆ ಚಿತ್ರಗಳ ಲೇಖನ ಓದಿದೆ. ಇಷ್ಟವಾಯಿತು. ಆದರೆ ಜರ್ಮನ್ ಚಿತ್ರಕಾರ ಗ್ರೂನೆವಾಲ್ಡ್ ಬರೆದ ಐಸೆನ್‌ಹೈಮ್ ಚಿತ್ರದ ಬಗ್ಗೆ ತಕರಾರಿದೆ. ಅದು ಜನರನ್ನು ಹೆದರಿಸಲು ಬರೆದದ್ದು ಎಂದು ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ.

ಚಿತ್ರ ನೋಡಿದರೆ ಮೈ ಜುಮ್ಮೆನ್ನುವುದು ನಿಜ. ಕ್ರಿಸ್ತನ ಮೈ ಹಸಿರುಗಟ್ಟಿದೆ. ಎಲ್ಲೆಲ್ಲೂ ಹುಣ್ಣು, ಚರ್ಮದೊಳಗೆ ಮುರಿದು ಉಳಿದ ಮುಳ್ಳು. ಬೆರಳುಗಳು ಸೆಟೆದು ನಿಂತಿವೆ. ಸುಮ್ನೆ ಭಯ ಹುಟ್ಟಿಸಲು ಇಷ್ಟೆಲ್ಲ ಬೇಕಿತ್ತೇ? ಈ ಚಿತ್ರ ಯಾವ ಗೋಡೆಯ ಮುಂದೆ, ಯಾರ ಕಣ್ಣೆದುರು ಇತ್ತು ಎನ್ನುವುದನ್ನು ಮೊದಲು ಕೇಳಬೇಕಲ್ವಾ?

1512ರಿಂದ 1516ರ ನಡುವೆ ಇದನ್ನು ಬರೆದದ್ದು ಅಲ್ಸಾಸ್ ಸೀಮೆಯ ಐಸೆನ್‌ಹೈಮ್‌ನಲ್ಲಿದ್ದ ಸಂತ ಅಂತೋಣಿಯವರ ಮಠಕ್ಕೆ. (ನಮ್ಮ ಡೋರ್ನಹಳ್ಳಿಯ ಅಂತೋಣಿಯವರಲ್ಲ, ಇವರು ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದವರು.) ಆ ಮಠದವರ ಮುಖ್ಯ ಕೆಲಸವೇ ರೋಗಿಗಳ ಆರೈಕೆ. ಅದರಲ್ಲೂ 'ಅಂತೋಣಿಯ ಬೆಂಕಿ' ಹಿಡಿದವರದು. ರೈ ಧಾನ್ಯದ ತೆನೆಗೆ ಅರ್ಗಟ್ ಎಂಬ ಬೂಷ್ಟು ಹಿಡಿಯುತ್ತದೆ. ಅದರ ಹಿಟ್ಟಿನ ರೊಟ್ಟಿ ತಿಂದವರ ರಕ್ತನಾಳಗಳು ಬಿಗಿದು, ಕೈಕಾಲು ಬೆಂಕಿ ಬಿದ್ದ ಹಾಗೆ ಉರಿದು, ಕಪ್ಪಾಗಿ ಕೊಳೆಯುತ್ತಿದ್ದವು. ಕೊನೆಗೆ ಕತ್ತರಿಸಿ ತೆಗೆಯಬೇಕಾಗುತ್ತಿತ್ತು. ಕಾರಣ ರೊಟ್ಟಿಯಲ್ಲಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಇಂಥ ರೋಗಿಗಳು ನೋಡುತ್ತಿದ್ದ ಕ್ರಿಸ್ತ ಇವನು. ತಮ್ಮ ಹುಣ್ಣುಗಳೇ ದೇವರ ಮೈಮೇಲೆ! ಅವರಿಗೆ ಹೊಸದಾಗಿ ಹೆದರಲು ಏನು ಉಳಿದಿತ್ತು?

ಇನ್ನೊಂದು ಮಾತು. ಇದು ಬಲಿಪೀಠದ ಮೇಲೆ ನಿಲ್ಲಿಸುವ, ಬಾಗಿಲುಗಳಿರುವ ಚಿತ್ರಫಲಕ. ಶಿಲುಬೆಯ ದೃಶ್ಯ ಇರುವುದು ಮುಚ್ಚಿದ ಬಾಗಿಲ ಮೇಲೆ. ಹಬ್ಬದ ದಿನ ಅವನ್ನು ತೆರೆದರೆ ಒಳಗೆ ಪುನರುತ್ಥಾನದ ಚಿತ್ರ. ಅದೇ ಕ್ರಿಸ್ತ ಬೆಳಕಿನ ನಡುವೆ ಮೇಲೇಳುತ್ತಾನೆ, ಐದು ಗಾಯಗಳ ಗುರುತು ಬಿಟ್ಟರೆ ಚರ್ಮದ ಮೇಲೆ ಒಂದು ಹುಣ್ಣೂ ಇಲ್ಲ. ಹೊರಗಿನದನ್ನು ಮಾತ್ರ ಅಚ್ಚು ಹಾಕಿ 'ಕ್ರೂರ ಕಲೆ' ಎನ್ನುವುದು ಅರ್ಧ ಕತೆ ಹೇಳಿದಂತೆ.

ಅದೇ ಲೇಖನದಲ್ಲಿರುವ ಇನ್ನೊಬ್ಬ ಜರ್ಮನ್ ಚಿತ್ರಕಾರ ಹೋಲ್ಬೈನ್ ಬಗ್ಗೆ ಲೇಖಕರೊಂದಿಗೆ ನನಗೆ ಜಗಳವಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಅವನ ಚಿತ್ರದಲ್ಲಿ ಸತ್ತ ಕ್ರಿಸ್ತ ಎರಡು ಮೀಟರ್ ಉದ್ದ, ಒಂದಡಿ ಎತ್ತರದ ಇಕ್ಕಟ್ಟಿನಲ್ಲಿ ಮಲಗಿದ್ದಾನೆ. ಬಾಯಿ ತೆರೆದಿದೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದೆ. ಸಮಾಧಾನ ಹೇಳುವವರು ಒಬ್ಬರೂ ಹತ್ತಿರವಿಲ್ಲ. 1867ರಲ್ಲಿ ಅದನ್ನು ನೋಡಿ ರಷ್ಯದ ಕಾದಂಬರಿಕಾರ ದಾಸ್ತೋಯೆವ್‌ಸ್ಕಿ ನಡುಗಿಹೋದದ್ದು ಆಶ್ಚರ್ಯವೇನಲ್ಲ. ಆದರೆ ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಐಸೆನ್‌ಹೈಮ್ ಚಿತ್ರ ಈಗ ಫ್ರಾನ್ಸಿನ ಕೊಲ್ಮಾರ್ ಊರಿನ ಉಂಟರ್‌ಲಿಂಡನ್ ಮ್ಯೂಸಿಯಂನಲ್ಲಿದೆ. ಪುರವಣಿಯಲ್ಲಿ ಜಾಗ ಸಿಕ್ಕಾಗ ಆ ಪುನರುತ್ಥಾನದ ಚಿತ್ರವನ್ನೂ ಬಣ್ಣದಲ್ಲೇ ಹಾಕಿ.

– ಒಬ್ಬ ಓದುಗ, ಮೈಸೂರು